ನಾಲ್ಕನೆಯದನ್ನು ಮೊದಲು ಓದಿದವಳು

ಜನವರಿ ೮

ಚಿಕ್ಕಮ್ಮನವರಿಗೆ,

ನಮಸ್ಕಾರ. ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಹುಡುಗಿ ಕರೆಯುವ ಹಾಗೆಯೇ ಬರೆದಿದ್ದೇನೆ, ತಪ್ಪು ತಿಳಿಯಬೇಡಿ. ನಮ್ಮ ಮದುವೆಯ ದಿನ ನೀವು ನನ್ನ ಕೈಗೊಂದು ಪೊಟ್ಟಣ ಕೊಟ್ಟು 'ಒಳ್ಳೇದಾಗ್ಲಿ' ಅಂದಿರಿ. ಆಮೇಲೆ ಫೋನಿನಲ್ಲಿ ನಾವಿಬ್ಬರೂ 'ಹೂಂ, ಕೊಡ್ತೀನಿ' ಎನ್ನುವುದಕ್ಕಿಂತ ಹೆಚ್ಚು ಮಾತಾಡಿಲ್ಲ. ಭಾನುವಾರ ನೀವು ಫೋನ್ ಮಾಡುತ್ತೀರಿ, ನಾನು ಎತ್ತಿ ಹುಡುಗಿಗೆ ಕೊಡುತ್ತೇನೆ, ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ. ಬಾಗಿಲಿನ ಈಚೆಗೆ ಕೇಳಿಸುವುದು ಪೀಠ, ದೀಪ, ಮಂಜು, ಇಷ್ಟೇ. ನಾನು ಕದ್ದು ಕೇಳುವವಳಲ್ಲ. ಮನೆ ಚಿಕ್ಕದು.

ವಿಷಯಕ್ಕೆ ಬರುತ್ತೇನೆ. ನಿಮ್ಮ ಭಾವ ನನಗೆ ಎಲ್ಲ ಹೇಳಿದ್ದಾರೆ. ಅಕ್ಕನ ಮಗಳನ್ನು ಕರೆಸಿಕೊಂಡು ನಿಮ್ಮಲ್ಲೇ ಓದಿಸುತ್ತೇನೆಂದು ನೀವು ಕೇಳಿದ್ದು, ಅವರು 'ಅವಳೇ ಹೇಳ್ಲಿ' ಅಂದದ್ದು, ಅವಳು 'ಕೊನೇ ಪುಸ್ತಕ ಓದಿ ಮುಗಿಸಿ ಹೇಳ್ತೀನಿ' ಅಂದದ್ದು. 'ಮಂಜಿನಾಚೆ' ಕಥೆಯ ಏಳನೆಯ ಪುಸ್ತಕ ಜೂನ್‌ನಲ್ಲಿ ಬರುತ್ತದಂತೆ. ಹನ್ನೆರಡು ವರ್ಷದ ಹುಡುಗಿ ಇಷ್ಟು ದೊಡ್ಡ ತೀರ್ಮಾನವನ್ನು ಒಂದು ಕಥೆಪುಸ್ತಕಕ್ಕೆ ಯಾಕೆ ಗಂಟು ಹಾಕಿದಳೋ ನನಗೆ ಅರ್ಥವಾಗಲಿಲ್ಲ. ಅದನ್ನು ತಡೆಯಲೆಂದು ಈ ಪತ್ರ ಬರೆಯುತ್ತಿಲ್ಲ. ಅವಳು ಇಲ್ಲಿರುವಷ್ಟು ದಿನ ಅವಳ ಜೊತೆ ಮಾತಾಡಲು ನನಗೂ ಏನಾದರೂ ಬೇಕು. ಊಟ ಆಯ್ತಾ, ಹೋಮ್‌ವರ್ಕ್ ಆಯ್ತಾ ಎಂದು ಕೇಳಿ ಕೇಳಿ ನನಗೇ ಬೇಜಾರಾಗಿದೆ, ಅವಳಿಗೆ ಇನ್ನೆಷ್ಟಾಗಿರಬೇಡ.

ಹೋದ ವಾರ ಧೈರ್ಯ ಮಾಡಿ, 'ನಂಗೂ ಒಂದು ಕೊಡ್ತೀಯಾ, ಓದ್ತೀನಿ' ಅಂದೆ. ಕಪಾಟಿನ ಮುಂದೆ ತುಂಬ ಹೊತ್ತು ನಿಂತು, ನೀಲಿ ರಟ್ಟಿನದೊಂದನ್ನು ತೆಗೆದು, 'ಇದ್ರಿಂದ ಶುರು ಮಾಡಿ' ಅಂದಳು. ಐವತ್ತು ಪುಟ ಆಯಿತು. ಯಾರು ಯಾರಿಗೆ ಏನಾಗಬೇಕೆಂದೇ ತಿಳಿಯುತ್ತಿಲ್ಲ. ಆರು ಮಂದಿ ಮಹಾಶಕ್ತಿವಂತರು ಸೇರಿ ಒಬ್ಬ ಹೆಂಗಸಿನ ಮೇಲೆ ಯಾಕೆ ಹಾಗೆ ಹರಿಹಾಯುತ್ತಾರೆ? ಅವಳು ಮಾಡಿದ ತಪ್ಪೇನು? ದಯವಿಟ್ಟು ತಿಳಿಸಿ.

ಉತ್ತರ ಮನೆಗೆ ಬೇಡ, ಬಸ್ ಡಿಪೋಗೆ ಬರೆಯಿರಿ. ಸೀಟು ಹೊಲಿಯುವ ವಿಭಾಗ ಎಂದರೆ ಸಾಕು. ಇಲ್ಲಿ ಎಲ್ಲರೂ ನನ್ನನ್ನು ಸೀಟಕ್ಕ ಎನ್ನುತ್ತಾರೆ.

ಇಂತಿ,
ನಿಮ್ಮ ಭಾವನ ಮನೆಯಿಂದ


ಜನವರಿ ೨೧

ಸೀಟಕ್ಕನವರಿಗೆ,

ನಿಮ್ಮ ಪತ್ರ ಬಂದಾಗ ನಾನು ಯಾರದೋ ಮೇಲ್ದವಡೆಗೆ ಹಲ್ಲು ಜೋಡಿಸುತ್ತ ಕೂತಿದ್ದೆ. ಹಲ್ಲಿನ ಸೆಟ್ಟು ಮಾಡುವವಳಿಗೆ ಅಂಚೆಯಲ್ಲಿ ಬರುವುದೆಲ್ಲ ದವಡೆಯ ಅಚ್ಚುಗಳೇ. ಕಾಗದ ಬಂದದ್ದು ನೋಡಿ, ಯಾರೋ ಹಲ್ಲು ಸರಿ ಕೂರಲಿಲ್ಲವೆಂದು ದೂರು ಬರೆದಿರಬೇಕು ಅಂದುಕೊಂಡೆ.

ಕೇಳಿದ್ದಕ್ಕೆ ಉತ್ತರ. ಮಂಜಿನಾಚೆಯ ಲೋಕವನ್ನು ಆಳುವವರು ಏಳು ಮಂದಿ. ದೇವರಲ್ಲ, ದೆವ್ವವೂ ಅಲ್ಲ. ಒಬ್ಬೊಬ್ಬರಿಗೆ ಒಂದೊಂದು ಪೀಠ. ನಿದ್ದೆ ಹಂಚುವವಳು ಒಬ್ಬಳು, ಅವಳು ಮುನಿದರೆ ಇಡೀ ಪಟ್ಟಣಕ್ಕೆ ತಿಂಗಳುಗಟ್ಟಲೆ ಜಾಗರಣೆ. ದಾರಿ ಮರೆಸುವವನೊಬ್ಬ. ಲೋಕದವರ ಉಸಿರನ್ನೆಲ್ಲ ಎಣಿಸುವ ಮುದುಕನೊಬ್ಬ. ಹೀಗೆ ಆರು ಮಂದಿ. ಈ ಆರೂ ಮಂದಿ ಹೆದರುವುದು ಏಳನೆಯವಳಾದ ದೀಪದವಳಿಗೆ. ಅವಳ ಬೆಳಕಿನಲ್ಲಿ ಯಾರೂ ಸುಳ್ಳು ಹೇಳುವಂತಿಲ್ಲ. ಆ ದೀಪದವಳು ಒಂದು ದಿನ ಪೀಠದಿಂದ ಎದ್ದು ಮಂಜಿನೊಳಗೆ ನಡೆದುಹೋಗುತ್ತಾಳೆ, ಮರಳುವುದಿಲ್ಲ. ಖಾಲಿ ಪೀಠದ ಮೇಲೆ ಎಲ್ಲಿಂದಲೋ ಬಂದು ಕೂತವಳೇ ನೀವು ಓದುತ್ತಿರುವ ಹೆಸರಿಲ್ಲದವಳು. ಅವಳು ಮಾಡಿದ ತಪ್ಪೇನು ಅಂದಿರಲ್ಲ, ಅದೇ ತಪ್ಪು.

ಓದುಗರ ಬಳಗದವರು ತಿಂಗಳಿಗೊಂದು ಪತ್ರಿಕೆ ತರುತ್ತಾರೆ. ಅದರ ತುಂಬ ಥಿಯರಿಗಳು. ದೀಪದವಳೇ ಮಂಜಾಗಿದ್ದಾಳೆ ಎಂದು ಒಬ್ಬರು. ಮುದುಕನ ಎಣಿಕೆ ತಪ್ಪಿದ್ದರಿಂದ ಅವಳು ಹೋದಳು ಎಂದು ಇನ್ನೊಬ್ಬರು. ಇಬ್ಬರ ಜಗಳ ಕೋರ್ಟಿಗೆ ಹೋಗದೆ ಇರುವುದೇ ಪುಣ್ಯ. ಆದರೆ ಕೊನೆಗೆ ಇರುವುದು ಎರಡೇ ಪಕ್ಷ. ದೀಪದವಳು ಮರಳುತ್ತಾಳೆ ಎನ್ನುವವರು, ಮರಳುವುದಿಲ್ಲ ಎನ್ನುವವರು. ಮರಳುತ್ತಾಳೆ ಎನ್ನುವುದು ನನ್ನ ಅಕ್ಕನ ಥಿಯರಿ. ನಾನೂ ಸಾಸಿವೆಯೂ ಆ ಪಕ್ಷ. ಸಾಸಿವೆ ಎಂದರೆ ನಿಮ್ಮ ಮನೆಯಲ್ಲಿರುವ ಹುಡುಗಿ.

ಅವಳು ಕೊಟ್ಟದ್ದನ್ನು ಓದಿ. ಅದಕ್ಕಿಂತ ಹೆಚ್ಚು ಹೇಳಲಾರೆ.

ಇಂತಿ,
ಸಾಸಿವೆಯ ಚಿಕ್ಕಮ್ಮ


ಫೆಬ್ರವರಿ ೧೦

ಚಿಕ್ಕಮ್ಮನವರಿಗೆ,

ನಿಮ್ಮ ಪತ್ರದಿಂದ ತುಂಬ ಉಪಕಾರವಾಯಿತು. 'ಅದೇ ತಪ್ಪು' ಎಂಬಲ್ಲಿ ಸ್ವಲ್ಪ ಹೊತ್ತು ನಿಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನೀವು ಬರೆದದ್ದು ಪುಸ್ತಕದ ಮಾತು ಎಂದು ನನಗೆ ನಾನೇ ಹೇಳಿಕೊಂಡು ಮುಂದೆ ಓದಿದೆ. ಯಾರು ಯಾರೆಂದು ಗೊತ್ತಾದ ಮೇಲೆ ಪುಸ್ತಕ ಕೈಬಿಡಲಿಲ್ಲ. ನಿದ್ದೆ ಹಂಚುವವಳು ನನ್ನ ನಿದ್ದೆಯನ್ನೇ ಹೊತ್ತುಕೊಂಡು ಹೋದಳು.

ಸಾಸಿವೆ ಎಂದು ಯಾಕೆ ಕರೆಯುತ್ತೀರಿ? ನಮ್ಮ ಮನೆಯಲ್ಲಿ ಅದು ಒಮ್ಮೆಯೂ ಸಿಡಿದಿಲ್ಲ.

ನನಗೂ ಒಂದು ಥಿಯರಿ ಹೊಳೆದಿದೆ. ನಗಬೇಡಿ. ಹೆಸರಿಲ್ಲದವಳು ಬಂದು ಕೂರುವ ಕಡೆ, 'ಪೀಠ ಅವಳ ಭಾರಕ್ಕೆ ತಗ್ಗಿತು, ಬಹುದಿನದ ಗುರುತಿನವರ ಹಾಗೆ' ಎಂಬ ಸಾಲಿದೆ. ಹತ್ತೊಂಬತ್ತು ವರ್ಷದಿಂದ ಸೀಟು ಹೊಲಿಯುತ್ತಿದ್ದೇನೆ. ಹೊಸ ಸ್ಪಂಜಿನ ಸೀಟು ಯಾರಿಗೂ ತಗ್ಗುವುದಿಲ್ಲ, ಕೂತವರನ್ನೇ ಮೇಲಕ್ಕೆ ತಳ್ಳುತ್ತದೆ. ಒಬ್ಬರೇ ಬಹಳ ದಿನ ಕೂತರೆ ಮಾತ್ರ ಅವರ ಭಾರ ಅದಕ್ಕೆ ಅಭ್ಯಾಸವಾಗುತ್ತದೆ. ಡ್ರೈವರ್ ಸೀಟು ನೋಡಿಯೇ ಯಾವ ಡ್ರೈವರ್ ಯಾವ ಕಡೆಗೆ ವಾಲಿ ಕೂರುತ್ತಾನೆಂದು ಹೇಳಬಲ್ಲೆ. ನಿಮ್ಮ ಭಾವ ಎಡಕ್ಕೆ. ಸೀಟು ಸರಿಯಿಲ್ಲವೆಂದು ಮೂರು ಸಲ ನನ್ನ ಹತ್ತಿರ ದೂರು ತಂದಿದ್ದರು. ಸೀಟಿಗೆ ಏನೂ ಆಗಿರಲಿಲ್ಲ. ಮೂರನೆಯ ಸಲ ನನಗೂ ವಿಷಯ ತಿಳಿಯಿತು.

ಹಾಗಾಗಿ ನನ್ನ ಥಿಯರಿ ಇದು: ಹೆಸರಿಲ್ಲದವಳು ಆ ಪೀಠದ ಮೇಲೆ ಮೊದಲೇ ಕೂತಿದ್ದವಳು. ಅದು ಮೊದಲಿಂದಲೂ ಅವಳದೇ. ನಡುವೆ ಬಂದವಳು ದೀಪದವಳು. ಹುಡುಗಿಗೆ ಹೇಳಬಹುದೇ? ನೀವು ಹೂಂ ಅಂದರೆ ಮಾತ್ರ ಹೇಳುತ್ತೇನೆ.

ಇಂತಿ,
ಸೀಟಕ್ಕ


ಫೆಬ್ರವರಿ ೧೭

ಸೀಟಕ್ಕನವರಿಗೆ,

ದೀಪದವಳನ್ನೇ ಕಳ್ಳಿ ಮಾಡಿದಿರಲ್ಲ! ಸಿಟ್ಟಿನಲ್ಲಿ ನಿಮ್ಮ ಪತ್ರವನ್ನು ಮಡಚಿ, ಅಳತೆ ಸರಿಯಿಲ್ಲವೆಂದು ವಾಪಸು ಬಂದ ದವಡೆಗಳ ಡಬ್ಬಿಗೆ ಹಾಕಿದೆ. ಮಧ್ಯಾಹ್ನ ತೆಗೆದು ಮತ್ತೊಮ್ಮೆ ಓದಿದಾಗ ನಗು ಬಂತು. ಯಾಕೆಂದು ಹೇಳುವಂತಿಲ್ಲ, ನನ್ನ ಬಾಯಿಗೆ ಬೀಗ ಬಿದ್ದಿದೆ. ಬೀಗದ ಕೈ ನಿಮ್ಮ ಮನೆಯಲ್ಲೇ ಇದೆ.

ಅವಳಿಗೆ ಹೇಳಿ. ಸ್ಪಂಜಿನ ವಿಷಯವನ್ನೂ ಸೇರಿಸಿ ಹೇಳಿ. ಅವಳು ಏನನ್ನುತ್ತಾಳೋ ಒಂದಕ್ಷರ ಬಿಡದೆ ನನಗೆ ಬರೆಯಿರಿ.

ಇಲ್ಲಿ ಚಿಕ್ಕ ಕೋಣೆ ಖಾಲಿ ಮಾಡಿಸಿದ್ದೇನೆ. ಇಷ್ಟು ದಿನ ಅದರಲ್ಲಿ ಹಳೆಯ ಅಚ್ಚುಗಳ ರಾಶಿಯಿತ್ತು. ಬಾಗಿಲು ತೆಗೆದರೆ ಊರಿನವರೆಲ್ಲ ಹಲ್ಲು ಬಿಟ್ಟುಕೊಂಡು ನೋಡುತ್ತಿದ್ದರು. ಗೋಡೆಗೆ ಯಾವ ಬಣ್ಣ ಹೊಡೆಸಿದರೆ ಸಾಸಿವೆಗೆ ಇಷ್ಟವಾಗುತ್ತದೆ? ನಾನು ಕೇಳಿದರೆ 'ಯಾವ್ದಾದ್ರೂ ಸರಿ' ಅನ್ನುತ್ತಾಳೆ. ನೀವು ಹತ್ತಿರ ಇದ್ದೀರಿ, ನೋಡಿ ತಿಳಿಸಿ.

ಇಂತಿ,
ಸಾಸಿವೆಯ ಚಿಕ್ಕಮ್ಮ


ಫೆಬ್ರವರಿ ೨೮

ಚಿಕ್ಕಮ್ಮನವರಿಗೆ,

ಸಾಸಿವೆ ಸಿಡಿಯಿತು. ಒಂದಕ್ಷರ ಬಿಡದೆ ಬರೆಯಿರಿ ಅಂದಿದ್ದೀರಿ, ಹಾಗೇ ಬರೆಯುತ್ತೇನೆ.

ಭಾನುವಾರ ಬೆಳಿಗ್ಗೆ. ಅವಳು ನೆಲದ ಮೇಲೆ ನಕ್ಷೆಗೆ ಬಣ್ಣ ತುಂಬುತ್ತಿದ್ದಳು. ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. 'ನಂಗೊಂದು ಥಿಯರಿ ಬಂದಿದೆ' ಅಂದೆ. ಪೆನ್ಸಿಲ್ ನಿಂತಿತು. ಸ್ಪಂಜು, ಡ್ರೈವರ್ ಸೀಟು, ಎಲ್ಲ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಎದ್ದು ನಿಂತಿದ್ದಳು.

'ಸ್ಪಂಜಾ? ಸ್ಪಂಜು ಎಲ್ಲಿಂದ ಬಂತು? ಅದು ಕಲ್ಲು! ಕಲ್ಲಿನ ಪೀಠ! ಬಂಡೆ ಕಡಿದು ಮಾಡಿರೋದು. ಒಂದನೇ ಪುಸ್ತಕದ ಮೊದಲನೇ ಪುಟದಲ್ಲೇ ಇದೆ!'

'ಒಂದನೇದು ಇದೇ ಅಲ್ವಾ?'

'ಇದು ನಾಲ್ಕನೇದು! ನಿಂಗೆ ಅಷ್ಟೂ ಗೊತ್ತಾಗ್ಲಿಲ್ವಾ? ಪೂರ್ತಿ ಓದಿದೀಯ! ಯಾರು ಯಾರು ಅಂತಾನೇ ಹೇಳ್ದೆ ಯಾವ್ದಾದ್ರೂ ಕಥೆ ಶುರುವಾಗುತ್ತಾ?'

'ನಾನು ಈ ಥರದ ಪುಸ್ತಕ ಓದೋದು ಇದೇ ಮೊದಲು ಕಣಮ್ಮ. ಎಲ್ಲಾ ಹೀಗೇ ಇರುತ್ತೇನೋ ಅಂದ್ಕೊಂಡೆ.'

ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ಮಡಚಿಟ್ಟ ಬಟ್ಟೆಯ ಮೇಲೇ ಬಿದ್ದು ನಕ್ಕಳು. 'ಸ್ಪಂಜು! ದೀಪದವಳಿಗೆ ಸ್ಪಂಜು!' ಅವಳಪ್ಪ ಏನಾಯಿತೋ ಎಂದು ಮುಖಕ್ಕೆ ಹಚ್ಚಿದ ಸೋಪಿನ ಸಮೇತ ಓಡಿಬಂದರು. ಅವರನ್ನು ನೋಡಿ ನಗು ಇನ್ನೂ ಜೋರಾಯಿತು. ನನಗೂ ತಡೆಯಲಾಗಲಿಲ್ಲ.

ನಗು ನಿಂತ ಮೇಲೆ ಮೆಲ್ಲಗೆ, 'ಬೇಕಂತ್ಲೇ ನಾಲ್ಕನೇದು ಕೊಟ್ಟೆ. ಅರ್ಥ ಆಗ್ದೆ ವಾಪಸ್ ಕೊಡ್ತೀರ ಅಂದ್ಕೊಂಡೆ' ಅಂದಳು. ಸಿಟ್ಟಿನಲ್ಲಿ 'ನೀನು' ಆಗಿದ್ದವಳು ಮತ್ತೆ 'ನೀವು' ಆಗಿದ್ದೆ. ಪರವಾಗಿಲ್ಲ, ಒಮ್ಮೆ ಕೇಳಿಸಿಕೊಂಡೆನಲ್ಲ. ನಾನು ಓದುವುದನ್ನೇ ಬಿಟ್ಟುಬಿಡಲಿ ಎಂದೇ ಆ ಪುಸ್ತಕ ಕೊಟ್ಟಿದ್ದಳು ಎಂಬುದು ಸ್ವಲ್ಪ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ನಗುವಿಗೆ ಹೋಲಿಸಿದರೆ ಅದು ಏನೇನೂ ಅಲ್ಲ. ನಿಮ್ಮ ಬಾಯಿಗೆ ಯಾಕೆ ಬೀಗ ಬಿದ್ದಿತ್ತೆಂದೂ ತಿಳಿಯಿತು!

ಗೋಡೆಗೆ ತಿಳಿಹಸಿರು. ಅವಳು ಬಣ್ಣದ ಪೆನ್ಸಿಲ್ ಡಬ್ಬಿಯಲ್ಲಿ ಎಲ್ಲಕ್ಕಿಂತ ಸವೆಸಿರುವುದು ಅದನ್ನೇ.

ಇಂತಿ,
ಸೀಟಕ್ಕ


ಮಾರ್ಚ್ ೧೪

ಸೀಟಕ್ಕನವರಿಗೆ,

ನಿಮ್ಮ ಪತ್ರವನ್ನು ಕೆಲಸದ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಹಲ್ಲು ತಿಕ್ಕುತ್ತ ತಿಕ್ಕುತ್ತ ಓದುತ್ತೇನೆ. ತಿಕ್ಕುವುದು ಬೇರೆಯವರ ಹಲ್ಲು, ನಗುವುದು ನಾನು.

ಅಕ್ಕ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿಲ್ಲ. ಫೋನಿನಲ್ಲಿ ನಾವಿಬ್ಬರೂ ಪಿಸುಗುಟ್ಟುತ್ತೇವೆ, ಊಹೆ ಮಾಡುತ್ತೇವೆ, ನಗುವುದಿಲ್ಲ. ನಗಿಸಬೇಕೆಂದು ನನಗೆ ಹೊಳೆಯಲೂ ಇಲ್ಲ. ನಿಮ್ಮ ಉಪಕಾರವನ್ನು ಹೇಗೆ ಹೇಳಲಿ? ಸುಮ್ಮನೆ ಹೇಳುತ್ತೇನೆ, ನೀವು ದೊಡ್ಡ ಉಪಕಾರ ಮಾಡಿದಿರಿ.

ಅವಳು ಹೇಳಿದ್ದು ಅರ್ಧ ನಿಜ. ಇನ್ನರ್ಧವನ್ನು ನಾನು ಹೇಳಬೇಕು. ಮೊದಲ ಮೂರು ಪುಸ್ತಕಗಳನ್ನು ಅಕ್ಕ ಅವಳಿಗೆ ಓದಿ ಹೇಳಿದಳು. ಮೊದಲೆರಡನ್ನು ಮನೆಯಲ್ಲಿ, ಮೂರನೆಯದನ್ನು ಆಸ್ಪತ್ರೆಯ ಹಾಸಿಗೆಯಲ್ಲಿ. ಎಲ್ಲಿ ನಿಲ್ಲಿಸಿದಳೋ ಅಲ್ಲಿ ಒಂದು ಬಸ್ ಟಿಕೆಟ್ ಇಡುತ್ತಿದ್ದಳು, ತೆಗೆಯುತ್ತಿರಲಿಲ್ಲ. ಡ್ರೈವರನ ಹೆಂಡತಿಗೆ ಟಿಕೆಟ್ಟಿಗೆ ಬರವೇ? ಆ ಮೂರೂ ಪುಸ್ತಕಗಳ ಹೊಟ್ಟೆ ಟಿಕೆಟ್ಟುಗಳಿಂದ ಉಬ್ಬಿದೆ. ಮೂರನೆಯದರ ಕೊನೆಯಲ್ಲಿ ದೀಪದವಳು ಮಂಜಿನೊಳಗೆ ಹೋಗುತ್ತಾಳೆ. ಮಗು ಅಳುವುದನ್ನು ನೋಡಿ ಅಕ್ಕ, 'ನೋಡ್ತಿರು, ವಾಪಸ್ ಬರ್ತಾಳೆ' ಅಂದಳು. ಅದೇ ಅವಳ ಥಿಯರಿ. ನಾಲ್ಕನೆಯದು ಅಚ್ಚಾಗುವ ಹೊತ್ತಿಗೆ ಅಕ್ಕ ಇರಲಿಲ್ಲ. ಹೆಸರಿಲ್ಲದವಳೆಂಬುವಳು ಬಂದು ಕೂರುತ್ತಾಳೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಕೊನೆಯ ಪುಸ್ತಕಕ್ಕೆ ಸಾಸಿವೆ ಯಾಕೆ ಗಂಟು ಹಾಕಿದ್ದಾಳೆಂದು ಈಗ ನಿಮಗೆ ತಿಳಿದಿರಬೇಕು.

ಮೊದಲ ಮೂರನ್ನು ಅವಳು ಯಾರಿಗೂ ಕೊಡುವುದಿಲ್ಲ. ನನಗೂ ಕೊಟ್ಟಿಲ್ಲ, ನಾನು ಬೇರೆ ಕೊಂಡು ಓದಿದೆ. ಆದ್ದರಿಂದ ನಿಮ್ಮ ಕೈಗೆ ನಾಲ್ಕನೆಯದು ಬಂದದ್ದಕ್ಕೆ ನೊಂದುಕೊಳ್ಳಬೇಡಿ. ಮೊದಲಿನವನ್ನು ಕೇಳಲೂ ಬೇಡಿ.

ಇಂತಿ,
ಚಿಕ್ಕಮ್ಮ


ಏಪ್ರಿಲ್ ೧೯

ಚಿಕ್ಕಮ್ಮನವರಿಗೆ,

ನೀವು ಬರೆದಿರದಿದ್ದರೆ ನಾನು ಖಂಡಿತ ಕೇಳಿಬಿಡುತ್ತಿದ್ದೆ. ಎಂಥ ತಪ್ಪಿನಿಂದ ಉಳಿಸಿದಿರಿ! ಈಗ ಕಪಾಟು ಒರೆಸುವಾಗ ಆ ಮೂರನ್ನು ಮುಟ್ಟುವುದಿಲ್ಲ, ಸುತ್ತ ಒರೆಸುತ್ತೇನೆ. ಐದು, ಆರು ಓದಿ ಮುಗಿಸಿದೆ.

ಪರೀಕ್ಷೆ ಮುಗಿದು ರಜೆ ಬಂದಿದೆ. ಮನೆಯಲ್ಲಿ ಒಬ್ಬಳೇ ಕೂತು ಬೇಜಾರೆಂದು ನನ್ನ ಜೊತೆ ಡಿಪೋಗೆ ಬರುತ್ತಾಳೆ. ಹರಿದ ಸೀಟುಗಳ ಸಾಲಿನಲ್ಲಿ ಒಂದೊಂದರಲ್ಲೂ ಕೂತು, ಯಾವ ಡ್ರೈವರ್ ದಪ್ಪ, ಯಾರಿಗೆ ಸೊಂಟನೋವು ಎಂದು ಊಹಿಸುವುದು ಅವಳ ಆಟ. ಮೊನ್ನೆ ಅವಳಪ್ಪನ ಹಳೇ ಸೀಟಿನ ತಗ್ಗನ್ನು ಕೈಯಿಂದ ಒತ್ತಿ ಒತ್ತಿ ನೋಡಿದಳು. ಆಮೇಲೆ ಅಂದಳು:

'ಕಲ್ಲು ತಗ್ಗಲ್ಲ ಅಲ್ವಾ?'

'ಇಲ್ಲ.'

'ಆದ್ರೆ ತಗ್ಗಿತು ಅಂತ ಬರ್ದಿದ್ದಾರೆ. ಅಂದ್ರೆ ಅವಳ ಭಾರಕ್ಕೆ ತಗ್ಗಿದ್ದಲ್ಲ. ಪೀಠಾನೇ ತಗ್ಗಿದ್ದು. ಕೂತ್ಕೋ ಅಂತ.'

ನಾನು ಸೂಜಿ ಕೆಳಗಿಟ್ಟೆ. 'ಹಾಗಾದ್ರೆ ದೀಪದವಳು ವಾಪಸ್ ಬಂದ್ರೆ ಎಲ್ಲಿ ಕೂರ್ತಾಳೆ?'

'ಅವಳ ತಗ್ಗು ಹಾಗೇ ಇರುತ್ತೆ. ಇದು ಪಕ್ಕದಲ್ಲಿ ಇನ್ನೊಂದು. ಬಂಡೆ ಅಂದ್ರೆ ಎಷ್ಟು ದೊಡ್ಡದಿರುತ್ತೆ ಗೊತ್ತಾ?'

ಇದನ್ನು ಬಳಗದ ಪತ್ರಿಕೆಗೆ ಕಳಿಸಿದ್ದಾಳೆ. 'ಮೂಲ ತಪ್ಪು ನಿಮ್ದೇ ತಾನೆ' ಎನ್ನುತ್ತ, ಕೆಳಗೆ 'ಸಾಸಿವೆ ಮತ್ತು ಸೀಟಕ್ಕ' ಎಂದು ನನ್ನ ಹೆಸರನ್ನೂ ಸೇರಿಸಿದಳು. ನನ್ನ ಹೆಸರು ಎಲ್ಲಾದರೂ ಅಚ್ಚಾದರೆ ಅದು ತಪ್ಪಿಗೇ ಎಂದಾಯಿತು. ಇಡೀ ವಿಭಾಗಕ್ಕೆ ಟೀ ಕೊಡಿಸಿದೆ.

ಇನ್ನೊಂದು ವಿಷಯ. ಅದೇ ದಿನ ಸಂಜೆ, 'ನಂಗೊಂದು ಗಟ್ಟಿ ಬ್ಯಾಗ್ ಹೊಲ್ಕೊಡ್ತೀರಾ, ಪುಸ್ತಕ ಇಡೋಕೆ' ಅಂದಳು. ನನಗೆ ಅರ್ಥವಾಯಿತು. ಸೀಟಿನ ರೆಕ್ಸಿನ್ನಲ್ಲೇ ಹೊಲಿದೆ. ಏಳು ಪುಸ್ತಕ, ಬಟ್ಟೆ, ಚಪ್ಪಲಿ, ಎಲ್ಲ ಹಿಡಿಸುವಷ್ಟು ದೊಡ್ಡದು. ಪ್ರಯಾಣದಲ್ಲಿ ಕಿತ್ತುಬರಬಾರದೆಂದು ಹೊಲಿಗೆಯ ಮೇಲೆ ಹೊಲಿಗೆ ಹಾಕಿದೆ. ನೋಡಿ, 'ಇಷ್ಟು ದೊಡ್ಡದು ಯಾಕೆ? ಒಂದು ಪುಸ್ತಕ ಹಿಡಿಸಿದ್ರೆ ಸಾಕಿತ್ತು' ಅಂದಳು. ಪಾಪ, ನನಗೆ ಬೇಸರವಾಗದಿರಲೆಂದು ಹಾಗಂದಳು.

ಕಳಿಸಲು ನನಗೆ ಮನಸ್ಸಿಲ್ಲ. ಇದನ್ನು ನಿಮಗಲ್ಲದೆ ಯಾರಿಗೂ ಹೇಳಲಾರೆ. ಹೇಳಬಾರದ್ದೂ ನಿಮಗೇ. ಆದರೂ ಕಳಿಸುತ್ತೇನೆ, ಮುಖ ಸಪ್ಪಗೆ ಮಾಡಿಕೊಳ್ಳದೆ ಕಳಿಸುತ್ತೇನೆ.

ಇಂತಿ,
ಸೀಟಕ್ಕ


ಮೇ ೨೦

ಸೀಟಕ್ಕಾ,

'ನವರಿಗೆ' ಬಿಟ್ಟಿದ್ದೇನೆ. ಸಾಸಿವೆಯ ಹೆಸರಿನ ಜೊತೆ ನಿಮ್ಮ ಹೆಸರೂ ಅಚ್ಚಾಗಿರುವಾಗ ನಮ್ಮಲ್ಲಿ ಇನ್ನೆಂಥ ಮರ್ಯಾದೆ!

ಹೂಂ, ಅಚ್ಚಾಗಿದೆ. ಪತ್ರಿಕೆಯ ಮೂರನೆಯ ಪುಟ, ಚೌಕಟ್ಟು ಹಾಕಿ. ಓದುಗರ ಬಳಗ ಈಗ ಮೂರು ಪಕ್ಷವಾಗಿದೆ. ಮೂರನೆಯವರನ್ನು 'ಬಂಡೆ ಪಕ್ಷ' ಎನ್ನುತ್ತಿದ್ದಾರೆ. ಬರುತ್ತಾಳೆ, ಬರುವುದಿಲ್ಲ ಎಂದು ಇಷ್ಟು ವರ್ಷ ಕಚ್ಚಾಡಿದವರಿಗೆ, ಬಂದರೂ ಬಾರದಿದ್ದರೂ ಇಬ್ಬರಿಗೂ ಜಾಗವಿದೆ ಎಂದು ಹೇಳಲು ಒಬ್ಬರಿಗೂ ತೋಚಿರಲಿಲ್ಲ. ನನಗೂ. ನಾನು ಅಕ್ಕನ ಥಿಯರಿಯನ್ನು ಹಿಡಿದುಕೊಂಡದ್ದು ಹೇಗೆಂದರೆ, ಅದನ್ನು ಬಿಟ್ಟರೆ ಅಕ್ಕನನ್ನೇ ಬಿಟ್ಟ ಹಾಗೆ ಎಂಬಂತೆ. ಎರಡನ್ನೂ ಇಟ್ಟುಕೊಳ್ಳಬಹುದೆಂದು ಹನ್ನೆರಡು ವರ್ಷದವಳು ಹೇಳಿಕೊಡಬೇಕಾಯಿತು.

ಆದರೂ ಹೆದರಿಕೆ ಹೋಗಿಲ್ಲ. ಕೊನೆಯ ಪುಸ್ತಕದಲ್ಲಿ ದೀಪದವಳು ಬರದೇ ಹೋದರೆ? ಸಾಸಿವೆ ಅದನ್ನು ಓದುವಾಗ ಪಕ್ಕದಲ್ಲಿ ನಾನಿರುವುದಿಲ್ಲ. ನೀವಿರುತ್ತೀರಿ. ಜನವರಿಯಲ್ಲಿ ಇದು ನನಗೆ ಚಿಂತೆಯಾಗಿತ್ತು. ಈಗ ಇದೇ ನನಗಿರುವ ಸಮಾಧಾನ.

ಕೋಣೆ ಸಿದ್ಧವಾಗಿದೆ. ತಿಳಿಹಸಿರು ಗೋಡೆ, ಮಂಚ, ಓದುವ ಮೇಜು, ಕತ್ತು ಬಗ್ಗಿಸಬಹುದಾದ ದೀಪ. ಇಲ್ಲಿನ ಶಾಲೆಯವರು ಜೂನ್ ಕೊನೆಯೊಳಗೆ ಖಚಿತವಾಗಿ ಹೇಳಬೇಕು ಎಂದಿದ್ದಾರೆ. ನೀವು ಕಳಿಸಲು ಮನಸ್ಸಿಲ್ಲ ಎಂದು ಬರೆದದ್ದನ್ನು ಓದಿದ್ದೇನೆ. ನನಗೂ ಕರೆಸಿಕೊಳ್ಳುವ ಮನಸ್ಸು ಬಲವಾಗಿದೆ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅನ್ನುತ್ತಾರೆ. ಇಲ್ಲಿ ಇಬ್ಬರಿಗೂ ಹಲ್ಲಿದೆ, ಇರುವುದೊಂದೇ ಕಡಲೆ. ಅವಳು ಏನು ಹೇಳುತ್ತಾಳೋ ಹಾಗೆ.

ಇಂತಿ,
ಚಿಕ್ಕಮ್ಮ


ಜೂನ್ ೧೧

ಚಿಕ್ಕಮ್ಮನವರಿಗೆ,

ನಿಮ್ಮಿಂದ ಬೈಸಿಕೊಳ್ಳಲು ಸಿದ್ಧಳಾಗಿಯೇ ಬರೆಯುತ್ತಿದ್ದೇನೆ.

ಸೋಮವಾರ ಏಳನೆಯ ಪುಸ್ತಕ ಬಂತು. ನಿಮ್ಮ ಭಾವ ಡ್ಯೂಟಿ ಬದಲಾಯಿಸಿಕೊಂಡು ಅಂಗಡಿಯ ಮುಂದೆ ಬೆಳಿಗ್ಗೆಯಿಂದ ನಿಂತು ತಂದರು. ಮೂವರೂ ಮೇಜಿನ ಸುತ್ತ ಕೂತೆವು. ಅವಳು ಕಾಗದ ಬಿಚ್ಚಿ, ರಟ್ಟು ಸವರಿ, ಮೂಗಿಗೆ ಹಿಡಿದು ವಾಸನೆ ನೋಡಿದಳು. ಅವಳು ಎದ್ದು ಹೋಗಿ ಅದನ್ನು ಕಪಾಟಿನ ಕೊನೆಯಲ್ಲಿ ಇಟ್ಟು ಬಂದುಬಿಟ್ಟಳು. ಒಂದು ಪುಟವನ್ನೂ ತಿರುವಲಿಲ್ಲ!

'ಯಾಕೆ, ಓದಲ್ವಾ?'

'ಈಗ ಬೇಡ. ನಿಂಗೆ ಅರ್ಥ ಆಗಲ್ಲ.'

'ನಂಗ್ಯಾಕೆ ಅರ್ಥ ಆಗ್ಬೇಕು? ನೀನು ಓದ್ಕೋ.'

'ಇಬ್ರೂ ಓದೋದು. ನೀನು ಮಧ್ಯದಿಂದ ಸೇರ್ಕೊಂಡೋಳು. ಮೊದಲಿಂದ ಓದ್ಬೇಕು. ನಾನೇ ಓದಿ ಹೇಳ್ತೀನಿ. ದಿನಕ್ಕೆ ಒಂದೇ ಅಧ್ಯಾಯ. ಜಾಸ್ತಿ ಕೇಳ್ಬಾರದು.'

ಅವಳಪ್ಪ ಕನ್ನಡಕ ಒರೆಸಿಕೊಳ್ಳಲು ಹೊರಗೆ ಹೋದರು, ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ನಾನೊಬ್ಬಳೇ ಅವಳ ಜೊತೆ ವಾದ ಮಾಡಿದೆ. ಚಿಕ್ಕಮ್ಮ ಕಾಯುತ್ತಿದ್ದಾರೆ, ಶಾಲೆಯವರಿಗೆ ಹೇಳಬೇಕು, ಕೊನೆಯದನ್ನು ಓದಿ ಮುಗಿಸಿದ ಮೇಲೆ ತೀರ್ಮಾನ ಎಂದಿದ್ದು ನೀನೇ ಅಲ್ಲವಾ ಎಂದೆಲ್ಲ ಹೇಳಿದೆ. ಅವಳು ಜಗ್ಗಲಿಲ್ಲ. 'ಹೌದು, ಮುಗಿಸಿದ ಮೇಲೇನೇ' ಎಂದು ಹಟ ಹಿಡಿದಳು. ಈಗ ಪ್ರತಿದಿನ ಶಾಲೆ ಬಿಟ್ಟ ಮೇಲೆ ಆ ದೊಡ್ಡ ಬ್ಯಾಗಿನಲ್ಲಿ ಒಂದೇ ಪುಸ್ತಕ ಹಾಕಿಕೊಂಡು ಡಿಪೋಗೆ ಬರುತ್ತಾಳೆ. ನಾನು ಹೊಲಿಯುತ್ತೇನೆ, ಅವಳು ಓದುತ್ತಾಳೆ. ಪುಟಗಳ ನಡುವಿನ ಟಿಕೆಟ್ಟುಗಳು ಬೀಳದ ಹಾಗೆ ಬೆರಳಿಟ್ಟು ಹಿಡಿದುಕೊಳ್ಳುತ್ತಾಳೆ. ಎರಡು ಟಿಕೆಟ್ಟುಗಳ ನಡುವೆ ಎಷ್ಟಿದೆಯೋ ಅಷ್ಟೇ ಆ ದಿನದ ಪಾಠ. ನಿನ್ನೆ ಒಂದು ಟಿಕೆಟ್ ಬಿದ್ದುಹೋಗಿ, ಸೀಟಿನ ಸಂದಿನಿಂದ ನಾನೇ ತೆಗೆದುಕೊಟ್ಟೆ. ಪೀಠ ನಿಜವಾಗಿಯೂ ಕಲ್ಲಿನದೇ. ಮೊದಲ ಪುಟದಲ್ಲೇ ಇದೆ.

ಹೀಗಾದರೆ ತೀರ್ಮಾನ ಆಗುವುದು ಯಾವಾಗ? ನಾನು ಬೇಕೆಂದು ತಡಮಾಡಿಸುತ್ತಿದ್ದೇನೆ ಎಂದು ನೀವು ಅಂದುಕೊಂಡರೆ ನನಗೆ ಸಹಿಸಲಾಗುವುದಿಲ್ಲ. ಮೊದಲು ಏಳನೆಯದನ್ನು ಓದು ಎಂದು ಭಾನುವಾರ ನೀವೇ ಅವಳಿಗೆ ಹೇಳಿ. ನಿಮ್ಮ ಮಾತು ಕೇಳುತ್ತಾಳೆ.

ಇಂತಿ,
ಸೀಟಕ್ಕ


ಜೂನ್ ೧೮

ಅಕ್ಕಾ,

ಸೀಟಿನ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದವರಿಗೆ ಇಷ್ಟು ಸಣ್ಣ ಲೆಕ್ಕ ಬರುವುದಿಲ್ಲವೇ? ಏಳು ದಪ್ಪ ಪುಸ್ತಕ, ದಿನಕ್ಕೆ ಒಂದೇ ಅಧ್ಯಾಯ. ಮುಂದಿನ ಜೂನ್ ಬಂದರೂ ನೀವಿಬ್ಬರೂ ಐದನೆಯದರಲ್ಲೇ ತೆವಳುತ್ತಿರುತ್ತೀರಿ. ಅವಳು ತೀರ್ಮಾನವನ್ನು ಮುಂದಕ್ಕೆ ಹಾಕಿಲ್ಲ. ಮೇಜಿನ ಮುಂದೆ ಕೂತು, ನಿಮ್ಮ ಮುಖ ನೋಡಿಕೊಂಡೇ ಹೇಳಿದ್ದಾಳೆ. ಕನ್ನಡಕ ಒರೆಸಲು ಹೊರಗೆ ಹೋದ ಭಾವನಿಗೆ ಕೇಳಿಸಿದೆ. ಇಷ್ಟು ದೂರದಲ್ಲಿರುವ ನನಗೆ ಕೇಳಿಸಿದೆ. ನಿಮಗೊಬ್ಬರಿಗೇ ಕೇಳಿಸಲಿಲ್ಲ. ಆ ಬ್ಯಾಗನ್ನು ಅವಳು ಮೊದಲೇ ಕೇಳಿದ್ದೂ ದಿನಾ ಡಿಪೋಗೆ ತರುವ ಈ ಒಂದು ಪುಸ್ತಕಕ್ಕೇ.

ಅವಳು ನಿಮಗೆ ಓದಿ ಹೇಳುತ್ತಿರುವುದು ಯಾವ ಪುಸ್ತಕ? ಟಿಕೆಟ್ಟುಗಳಿರುವ ಪುಸ್ತಕ. ಯಾರಿಗೂ ಕೊಡದಿದ್ದದ್ದು. ನಾಲ್ಕನೆಯದನ್ನು ಮೊದಲು ಓದಿದವರು ನೀವು, ಹಾಗಾಗಿ ಎಲ್ಲವೂ ನಿಮಗೆ ತಿರುವುಮುರುವಾಗಿಯೇ ಕಾಣುತ್ತದೆ.

ನಿಮ್ಮ ಪತ್ರ ಓದಿ ಹಸಿರು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಕಣ್ಣೀರು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ತುಂಬ ಬಂತು. ಅಷ್ಟು ಆಸೆಪಟ್ಟಿದ್ದೆ. ಆಮೇಲೆ ಮುಖ ತೊಳೆದುಕೊಂಡೆ. ಅಕ್ಕ ಎಲ್ಲಿ ನಿಲ್ಲಿಸುತ್ತಿದ್ದಳೋ ಅಲ್ಲೇ ನಿಲ್ಲಿಸಿ, ಅಲ್ಲಿಂದಲೇ ಮಾರನೆಯ ದಿನ ಶುರುಮಾಡುತ್ತಾಳಲ್ಲ ಈ ಹುಡುಗಿ, ಅದನ್ನು ನೆನೆದಾಗ ನನಗೆ ಬಂದದ್ದು ಬರೀ ದುಃಖವಲ್ಲ. ಅವಳ ದನಿ ಕೇಳಲು ಅಲ್ಲಿ ಒಬ್ಬರಿದ್ದಾರೆ, ಕೈಕೆಲಸ ಬಿಡದೆ ಕೇಳುವವರು, ಬಿದ್ದ ಟಿಕೆಟ್ಟನ್ನು ಸಂದಿನಿಂದ ತೆಗೆದುಕೊಡುವವರು. ಅದಕ್ಕೆ ನಾನು ಯಾರಿಗೆ ಕೈಮುಗಿಯಲಿ? ನಿಮಗೇ ಮುಗಿಯುತ್ತೇನೆ.

ಶಾಲೆಯವರಿಗೆ ಬೇಡವೆಂದು ಹೇಳಿ ಬಂದೆ.

ಏಳನೆಯದನ್ನು ನಾನು ಓದಿದೆ. ದೀಪದವಳು ಮರಳುತ್ತಾಳೋ ಇಲ್ಲವೋ ನನಗೀಗ ಗೊತ್ತು. ಹೇಳುವುದಿಲ್ಲ. ಭಾನುವಾರ ಸಾಸಿವೆ, 'ಚಿಕ್ಕಮ್ಮಾ, ಸೀಟಕ್ಕ ಏಳನೇದಕ್ಕೆ ಬರೋವರೆಗೂ ಬಾಯಿ ಬಿಡ್ಬಾರ್ದು' ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಮತ್ತೆ ಬೀಗ! ಒಂದನ್ನು ಮಾತ್ರ ಹೇಳಿದರೆ ಆಣೆ ಮುರಿಯುವುದಿಲ್ಲ. ಕೊನೆಯ ಅಧ್ಯಾಯದ ದಿನ ಹೊಲಿಗೆ ಬದಿಗಿಟ್ಟು, ಎದುರುಬದುರು ಕೂರದೆ ಪಕ್ಕಪಕ್ಕ ಕೂತು ಓದಿ.

ಮೇಜಿನ ದೀಪವನ್ನು ಪಾರ್ಸೆಲ್ ಮಾಡಿದ್ದೇನೆ. ಡಿಪೋದಲ್ಲಿ ಸಂಜೆ ಬೆಳಕು ಸಾಲದು ಎಂದು ಅವಳು ಹೇಳುತ್ತಿದ್ದಳು. ಮೇಜು, ಮಂಚ ಇಲ್ಲೇ ಇರಲಿ. ರಜೆಗೆ ಅವಳನ್ನು ಕರೆದುಕೊಂಡು ನೀವೂ ಬನ್ನಿ, ಎಡಕ್ಕೆ ವಾಲಿ ಕೂರುವವರೂ ಬರಲಿ. ಕೋಣೆಯಲ್ಲಿ ಇನ್ನೊಂದು ಮಂಚಕ್ಕೆ ಜಾಗವಿದೆ, ಅಳೆದು ನೋಡಿದ್ದೇನೆ.

ಇಂತಿ,
ನಿಮ್ಮ ತಂಗಿ